ಹದಿನೆಂಟು ಮೀಟರ್ ಆಳದಲ್ಲಿ ನನ್ನ ಬೆನ್ನು ಕಾದವರಿಗೆ

ನಿನ್ನೆ ಸಂಜೆ ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಲಿಂಕನ್ ಬಂದರಿನಲ್ಲಿ ಹಡಗಿನಿಂದ ಇಳಿದೆ. ಕಾಲ ಕೆಳಗಿನ ನೆಲ ಇನ್ನೂ ತೂಗುತ್ತಲೇ ಇದೆ. ನೆಪ್ಚೂನ್ ದ್ವೀಪಗಳ ಬಳಿ ಹತ್ತು ದಿನ ಲಂಗರು ಹಾಕಿ, ಗ್ರೇಟ್ ವೈಟ್ ಶಾರ್ಕ್‌ಗಳನ್ನು ನೀರಿನಡಿಯಲ್ಲಿ ಚಿತ್ರೀಕರಿಸುವ ಕೆಲಸ ಮುಗಿಯಿತು. ತೆರೆಯ ಮೇಲೆ ಛಾಯಾಗ್ರಹಣ ಎಂದು ನನ್ನ ಹೆಸರೊಂದೇ ಬರುತ್ತದೆ. ಅದು ಬರುವ ಮೊದಲೇ ಸಾಲದ ಲೆಕ್ಕ ಒಪ್ಪಿಸಿಬಿಡುತ್ತೇನೆ.

ಮೊದಲ ಹೆಸರು ನನ್ನ ರಕ್ಷಣಾ ಡೈವರ್‌ನದು. ಹೆಸರು ಹಾಕಬೇಡ ಎಂದು ಅವನೇ ಹೇಳಿದ್ದರಿಂದ ಹಾಕುತ್ತಿಲ್ಲ. ಕ್ಯಾಮೆರಾ ಹಿಡಿದವನಿಗೆ ಪರದೆಯಲ್ಲಿ ಇರುವಷ್ಟೇ ಲೋಕ, ಅಕ್ಕಪಕ್ಕ ಕುರುಡು. ಈ ಶಾರ್ಕ್‌ನ ಬೆನ್ನು ಬೂದು, ಹೊಟ್ಟೆ ಬಿಳಿ. ಮೇಲಿನಿಂದ ನೋಡಿದರೆ ಕತ್ತಲ ನೀರಿನಲ್ಲಿ ಕರಗುತ್ತದೆ, ಕೆಳಗಿನಿಂದ ನೋಡಿದರೆ ಬೆಳಕಿನಲ್ಲಿ. ಇದನ್ನು ಓದಿ ತಿಳಿದಿದ್ದೆ. ನಾಲ್ಕು ಮೀಟರ್ ಉದ್ದದ ಪ್ರಾಣಿ ಕಣ್ಣೆದುರೇ ಇದ್ದೂ ಕಾಣದೇ ಹೋದಾಗಲಷ್ಟೇ ನಂಬಿದೆ. ಸಮುದ್ರದ ತಳಕ್ಕೆ ಇಳಿಸಿದ ಪಂಜರದೊಳಗೆ ಅವನು ಸದಾ ನನ್ನ ಹಿಂದೆ ನಿಂತು, ನನ್ನ ಬೆನ್ನಿನ ಗಾಳಿ ಸಿಲಿಂಡರಿನ ಕುತ್ತಿಗೆ ಹಿಡಿದುಕೊಂಡಿರುತ್ತಿದ್ದ. ಎಡ ಭುಜ ಒತ್ತಿದರೆ ಎಡಕ್ಕೆ ತಿರುಗು, ಬಲ ಭುಜ ಒತ್ತಿದರೆ ಬಲಕ್ಕೆ. ಹಿಂದಕ್ಕೆ ಎಳೆದರೆ ಯಾಕೆ ಎಂದು ಕೇಳದೆ ಕೈ ಒಳಗೆ. ಹತ್ತು ದಿನದಲ್ಲಿ ಎಳೆದದ್ದು ಒಂದೇ ಸಲ. ನಾನು ಮೊಣಕೈವರೆಗೆ ಕಿಂಡಿಯ ಹೊರಗಿದ್ದೆ. ಕೆಳಗಿನಿಂದ ಎದ್ದು ಬಂದ ಹೆಣ್ಣು ಶಾರ್ಕ್ ಕಿಂಡಿಯ ಕಂಬಿಯನ್ನು ಕಚ್ಚಿ ನೋಡಿ ಬಿಟ್ಟಿತು. ಕೋಪದಿಂದಲ್ಲ. ಉಪ್ಪುನೀರಿನಲ್ಲಿ ಲೋಹದ ಸುತ್ತ ಹುಟ್ಟುವ ಸಣ್ಣ ವಿದ್ಯುತ್ತನ್ನು ಅದರ ಮೂತಿಯಲ್ಲಿರುವ ಸೂಕ್ಷ್ಮ ರಂಧ್ರಗಳು ಗ್ರಹಿಸುತ್ತವೆ. ಅದಕ್ಕೆ ಅದೊಂದು ಕುತೂಹಲ. ನನಗೆ ಮಾತ್ರ ಆಮೇಲೆ ಐದು ನಿಮಿಷ ಒಂದು ಚಿತ್ರವೂ ನೆಟ್ಟಗೆ ಬರಲಿಲ್ಲ.

ಮೊದಲ ನಾಲ್ಕು ದಿನ ಒಂದು ಶಾರ್ಕ್ ಕೂಡ ಬರಲಿಲ್ಲ ಎಂಬುದನ್ನು ಹೇಳಲೇಬೇಕು. ಆ ನಾಲ್ಕೂ ದಿನ ಬೆಳಗಿನಿಂದ ಸಂಜೆಯವರೆಗೆ ಡೆಕ್ಕಿನ ಮೇಲೆ ಟ್ಯೂನಾ ಮೀನು ಕೊಚ್ಚಿ, ಶಾರ್ಕ್‌ಗಳನ್ನು ಸೆಳೆಯಲು ಅಲ್ಲಿನವರು ‘ಬರ್ಲಿ’ ಎನ್ನುವ ಆ ನಾರುವ ರಸವನ್ನು ಸೌಟು ಸೌಟಾಗಿ ನೀರಿಗೆ ಬಿಟ್ಟ ಇಬ್ಬರು ಹುಡುಗರು ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ನಾನು ಸಿಂಡರಿಸಿದೆ, ಕ್ಷಮಿಸಿ.

ಐದನೆಯ ದಿನ ಶಾರ್ಕ್ ಬಂತು. ಅದೇ ದಿನ ನನ್ನ ಕ್ಯಾಮೆರಾ ಸತ್ತಿತು. ತಪ್ಪು ಪೂರ್ತಿ ನನ್ನದೇ. ಹೌಸಿಂಗ್, ಅಂದರೆ ಕ್ಯಾಮೆರಾಗೆ ನೀರು ತಾಗದಂತೆ ಕಾಯುವ ಕವಚ, ಮುಚ್ಚುವಾಗ ಅದರ ಅಂಚಿನಲ್ಲಿ ನೀರು ತಡೆಯುವ ರಬ್ಬರ್ ಬಳೆಯಾದ ಓ-ರಿಂಗ್ ಮೇಲೆ ಒಂದು ಕೂದಲು ಕೂತಿತ್ತು, ನನ್ನದೇ ಕೂದಲು. ಮೇಲೆ ಏನೂ ಆಗಲಿಲ್ಲ. ಆಳಕ್ಕೆ ಹೋದಂತೆ ಒತ್ತಡ ಏರಿತು, ಎಚ್ಚರಿಕೆಯ ಕೆಂಪು ದೀಪ ಮಿನುಗಿತು, ಗಾಜಿನ ಮೂಲೆಯಲ್ಲಿ ನೀರು ನಿಂತದ್ದು ಕಂಡಿತು. ಆ ರಾತ್ರಿ ಊಟಕ್ಕೂ ಏಳಲಿಲ್ಲ. ಎರಡನೆಯ ಛಾಯಾಗ್ರಾಹಕ ಬಾಗಿಲು ತಟ್ಟಿ ತನ್ನ ಕ್ಯಾಮೆರಾ, ಹೌಸಿಂಗ್ ಎರಡನ್ನೂ ಹಾಸಿಗೆಯ ಮೇಲಿಟ್ಟು ಹೋದ. ಉಳಿದ ದಿನಗಳೆಲ್ಲ ಅವನು ಡೆಕ್ಕಿನ ಮೇಲೆ ನಿಂತು, ಯಾರೂ ಬಯಸದ ಅಲೆ-ಆಕಾಶದ ದೃಶ್ಯಗಳನ್ನು ತೆಗೆದ. ನೀರಿಗಿಳಿಯುವ ಆಸೆ ಅವನಿಗೆ ನನಗಿಂತ ಕಡಿಮೆಯೇನೂ ಇರಲಿಲ್ಲ.

ನನಗೆ ನೀರಿನಡಿಯ ಕೆಲಸ ಕಲಿಸಿದ ಗುರುಗಳ ಎರಡು ಮಾತುಗಳು ಪ್ರತಿ ಇಳಿತದಲ್ಲೂ ಕಿವಿಯಲ್ಲಿದ್ದವು. ಆಳದಲ್ಲಿ ಕೆಂಪು ಬಣ್ಣ ಎಲ್ಲಕ್ಕಿಂತ ಮೊದಲು ಮಾಯವಾಗುತ್ತದೆ, ಬಿಳಿ ಫಲಕ ಹಿಡಿದು ಬಣ್ಣ ಹೊಂದಿಸದೆ ಗುಂಡಿ ಒತ್ತಬೇಡ. ಶಾರ್ಕ್ ಹಿಂದೆ ಕ್ಯಾಮೆರಾ ಓಡಿಸಬೇಡ, ಅದು ಬರುವ ಜಾಗ ನೋಡಿ ಕಾದಿರು.

ಹಡಗಿನಲ್ಲಿದ್ದ ಜೀವವಿಜ್ಞಾನಿಗೆ ಬೇರೆಯೇ ಬಗೆಯ ಋಣ. ಬೆನ್ನುರೆಕ್ಕೆಯ ಅಂಚಿನ ಕಚ್ಚು, ಕಿವಿರಿನ ಬಳಿ ಬೂದು-ಬಿಳಿ ಸೇರುವ ಗೆರೆ ನೋಡಿ, ‘ಇದು ನಿನ್ನೆಯದೇ’ ಎಂದು ಥಟ್ಟನೆ ಹೇಳುತ್ತಿದ್ದರು. ನನಗೆ ಎಲ್ಲವೂ ಒಂದೇ ಶಾರ್ಕ್. ನಾನು ಬರೆದ ನಿರೂಪಣೆಯಲ್ಲಿ ‘ರಾಕ್ಷಸ’ ಎಂಬ ಪದ ಮೂರು ಕಡೆ ಇತ್ತು. ಮೂರನ್ನೂ ಹೊಡೆದುಹಾಕಿ, ಒಂದು ಹೆಣ್ಣು ಮರಿ ಹಾಕುವ ವಯಸ್ಸಿಗೆ ಬರಲು 30 ವರ್ಷವೇ ಹಿಡಿಯಬಹುದು ಎಂದು ಪಕ್ಕದಲ್ಲಿ ಬರೆದುಕೊಟ್ಟರು. ಆ ಕಾಗದ ಇನ್ನೂ ನನ್ನ ಬಳಿ ಇದೆ.

ಪಂಜರಕ್ಕಾಗಿ ಒಬ್ಬರನ್ನು ನೆನೆಯಬೇಕು. 1963ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಆಲ್ಡಿಂಗಾ ಕಡಲತೀರದ ಈಟಿ-ಮೀನುಗಾರಿಕೆ ಸ್ಪರ್ಧೆಯಲ್ಲಿ ಬಿಳಿ ಶಾರ್ಕ್ ಬಾಯಿಗೆ ಸಿಕ್ಕಿ ಬದುಕುಳಿದ ರಾಡ್ನಿ ಫಾಕ್ಸ್, ಗುಣವಾದ ಮೇಲೆ ಮತ್ತೆ ನೀರಿಗಿಳಿದರು. ಬಿಳಿ ಶಾರ್ಕ್‌ಗಳನ್ನು ಹತ್ತಿರದಿಂದ ನೋಡಲು ಪಂಜರ ಮಾಡಿಸಿದರು. ನಾನಾಗಿದ್ದರೆ ಸಮುದ್ರದ ಕಡೆ ತಲೆಹಾಕಿಯೂ ಮಲಗುತ್ತಿರಲಿಲ್ಲ.

ಕ್ಯಾಮೆರಾ ಕೊಟ್ಟ ಗೆಳೆಯನಿಗೆ ಕೊನೆಯ ಮಾತು: ಹೌಸಿಂಗನ್ನು ಸಿಹಿನೀರಿನಲ್ಲಿ ನೆನೆಸಿ ತೊಳೆದು, ಓ-ರಿಂಗ್ ಬಿಚ್ಚಿ ಒರೆಸಿ, ದೀಪದ ಕೆಳಗೆ ಮೂರು ಸಲ ನೋಡಿದ ಮೇಲೆಯೇ ಪೆಟ್ಟಿಗೆಗೆ ಹಾಕಿದ್ದೇನೆ. ಕೂದಲಿಲ್ಲ.