ಮಗಳಿಗೊಂದು ಪತ್ರ: ಹೊಟ್ಟೆ ಸರಿ ಇರುವಾಗ ಚೆನ್ನಾಗಿ ಉಣ್ಣು

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಎರಡು ಮಾತು ಹೇಳಿದೆ. ಮೊಸರು ಬಿಟ್ಟೆ, ಕುಚ್ಚಲಕ್ಕಿ ಬಿಟ್ಟೆ, ಈಗ ಮೀನೂ ಬಿಟ್ಟೆ ಅಂತ ಒಂದು. ಹೊಟ್ಟೆ ಆರಾಮ ಉಂಟಲ್ಲ, ಮಾತ್ರೆ ಸ್ವಲ್ಪ ಕಡಿಮೆ ಮಾಡಬಹುದಾ ಅಂತ ಇನ್ನೊಂದು. ಅವತ್ತಿನಿಂದ ನನಗೆ ಅದೇ ಯೋಚನೆ. ಎರಡೂ ತಿರುಗಾಮುರುಗಾ ಆಗಿದೆ ಮಗಾ. ಹೊಟ್ಟೆ ಸರಿ ಇರುವ ದಿನಗಳಲ್ಲಿ ಊಟ ಜಾಸ್ತಿ ಆಗಬೇಕು. ಮಾತ್ರೆ ಇದ್ದ ಹಾಗೇ ಇರಬೇಕು.

ಮಾತ್ರೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ನಿನ್ನ ಅಲ್ಸರೇಟಿವ್ ಕೊಲೈಟಿಸ್ ನೀನು ಏನೋ ತಿಂದು ತಂದುಕೊಂಡ ಕಾಯಿಲೆ ಅಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದೊಡ್ಡ ಕರುಳಿನ ಒಳಪದರದ ಮೇಲೆ ತಿರುಗಿಬಿದ್ದು ಅಲ್ಲಿ ಉರಿಯೂತ ಆಗುತ್ತದೆ. ರಕ್ತ ನಿಂತಿತು, ಭೇದಿ ನಿಂತಿತು ಅಂದ ಮಾತ್ರಕ್ಕೆ ಒಳಗಿನ ಉರಿಯೂತ ಪೂರ್ತಿ ಆರಿದೆ ಅಂತ ಹೇಳಲಿಕ್ಕಾಗುವುದಿಲ್ಲ. ಮೇಲೆ ಹಕ್ಕಳೆ ಕಟ್ಟಿದರೂ ಒಳಗೆ ಹಸಿ ಇರುವ ಗಾಯದ ಹಾಗೆ. ಅದಕ್ಕೇ ಡಾಕ್ಟರು ಮಧ್ಯೆ ಮಧ್ಯೆ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ನೋಡಿಸುವುದು. ಉರಿಯೂತ ಇದ್ದರೆ ಅದು ಏರುತ್ತದೆ. ಆರಾಮ ಆಯಿತು ಅಂತ ಮೆಸಲಮೈನ್, ಅಂದರೆ ನಿನ್ನ ಈ ಮಾತ್ರೆ, ಬಿಟ್ಟವರಿಗೆ ಕಾಯಿಲೆ ಮತ್ತೆ ಕೆರಳುವ ಸಾಧ್ಯತೆ ಜಾಸ್ತಿ. ಮಾತ್ರೆ ದೊಡ್ಡದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅಂದಿದ್ದೆ. ಆದರೂ ಮುರಿಯಬೇಡ, ಅಗಿಯಬೇಡ. ಅದರ ಮೇಲಿನ ಪದರ ಕರುಳಿಗೆ ಇಳಿದ ಮೇಲೇ ಕರಗಬೇಕು. ತೀರಾ ಕಷ್ಟ ಆದರೆ ಬೇರೆ ರೂಪದಲ್ಲಿ ಸಿಗುತ್ತದಾ ಅಂತ ಡಾಕ್ಟರನ್ನೇ ಕೇಳು. ಡೋಸ್ ಕಡಿಮೆ ಮಾಡುವುದೂ ಅವರೇ.

ಇನ್ನೊಂದು ಮಾತ್ರೆಯ ಬಗ್ಗೆ ಹೇಳಬೇಕು. ಮುಟ್ಟಿನ ಹೊಟ್ಟೆನೋವಿಗೆ ಆಫೀಸಿನ ಹುಡುಗಿಯರು ಬ್ಯಾಗಿನಿಂದ ಮೆಫ್ತಾಲ್ ತೆಗೆದು ಕೊಡುತ್ತಾರೆ, ಅಲ್ವಾ? ಐಬುಪ್ರೊಫೆನ್, ಡೈಕ್ಲೋಫೆನಾಕ್ ಇರುವ ಗುಂಪಿನದ್ದೇ ಅದೂ. ಈ ಗುಂಪಿನ ಮಾತ್ರೆಗಳಿಂದ ಕೆಲವರ ಕೊಲೈಟಿಸ್ ಕೆರಳುತ್ತದೆ. ಪ್ಯಾರಾಸಿಟಮಾಲ್ ಇಟ್ಟುಕೋ, ಬಿಸಿನೀರಿನ ಚೀಲ ಇಟ್ಟುಕೋ. ಅದರಲ್ಲಿ ತಡೆಯದಿದ್ದರೆ ಡಾಕ್ಟರಿಗೆ ಫೋನ್ ಮಾಡು.

ಈಗ ಊಟದ ಮಾತು. ನನ್ನ ಸಂಕಟ ಇರುವುದು ಇಲ್ಲಿಯೇ.

ಕಾಯಿಲೆ ಜೋರಾಗಿದ್ದಾಗ ನಾವು ಬಿಡಿಸಿದ್ದು ಸರಿಯೇ. ಆಗ ನಾರು ಕಡಿಮೆ ಇರುವುದೇ ಬೇಕಿತ್ತು. ಬೆಳ್ತಿಗೆ ಅಕ್ಕಿಯ (ಬಿಳಿ ಅಕ್ಕಿಯ) ಗಂಜಿ, ಇಡ್ಲಿ, ನೀರುದೋಸೆ, ಸಿಪ್ಪೆ ಬೀಜ ತೆಗೆದು ಮೆತ್ತಗೆ ಬೇಯಿಸಿದ ಬೂದುಗುಂಬಳ, ಮಂಗಳೂರು ಸೌತೆ, ಸೋರೆಕಾಯಿ, ಕಳಿತ ಬಾಳೆಹಣ್ಣು, ಮೊಟ್ಟೆ. ಬಾಳೆದಿಂಡು, ಹಲಸು, ಇಡೀ ಕಡಲೆ, ಗೋಳಿಬಜೆ ಯಾವುದೂ ಬೇಡ ಅಂದಿದ್ದರು. ಅದು ಆ ವಾರಗಳ ಪಥ್ಯ. ವರ್ಷವಿಡೀ ಮಾಡಲಿಕ್ಕೆ ಯಾರೂ ಹೇಳಿಲ್ಲ. ಎಲ್ಲ ರೋಗಿಗಳಿಗೂ ಹೊಂದುವ ಒಂದೇ ಪಥ್ಯ ಅಂತ ಇಲ್ಲ ಅಂತಲೂ ಡಯಟಿಷಿಯನ್ ನಿನ್ನ ಎದುರಿಗೇ ಹೇಳಿದ್ದಾರೆ. ನೀನು ಮಾತ್ರ ಬಿಟ್ಟದ್ದನ್ನು ವಾಪಸ್ ತರಲಿಲ್ಲ. ಇನ್ನೂ ನಾಲ್ಕು ಸೇರಿಸಿ ಬಿಟ್ಟೆ.

ಹೋದ ವರ್ಷ ಸ್ಟೀರಾಯ್ಡ್ ತೆಗೆದುಕೊಂಡವಳು ನೀನು. ಅದು ಎಲುಬನ್ನು ಸವೆಸುತ್ತದೆ. ರಕ್ತ ಹೋಗಿ ಹೋಗಿ ಕಬ್ಬಿಣದ ಅಂಶ ಇಳಿದಿತ್ತು. ಅಂಥವಳು ಮೊಸರೂ ಮೀನೂ ಬಿಟ್ಟರೆ ಎಲುಬಿಗೆ ಏನು ಸಿಗುತ್ತದೆ? ಮೈ ತುಂಬುವುದು ಯಾವಾಗ? ಹೋದ ಸಲ ಬಂದಾಗ ಬಳೆ ಮೊಣಕೈವರೆಗೆ ಜಾರುತ್ತಿತ್ತು. ನಾನು ನೋಡಿದೆ.

ಮೊಸರಿನಿಂದ ಹೊಟ್ಟೆ ಉಬ್ಬಿತು ಅಂದೆ. ತಿಂದದ್ದನ್ನು ಬರೆದಿಡುವ ನಿನ್ನ ಪುಸ್ತಕ ತೆಗೆದು ಆ ದಿನ ಏನು ಬರೆದಿದ್ದೀ ನೋಡು. ಮಧ್ಯಾಹ್ನ ಕ್ಯಾಂಟೀನಿನ ಗೋಬಿ ಮಂಚೂರಿ, ಹಿಂದಿನ ರಾತ್ರಿ ಎರಡು ಗಂಟೆವರೆಗೆ ಕೆಲಸ, ನಿದ್ದೆ ಇಲ್ಲ. ಮೊಸರು ಎರಡೇ ಚಮಚ. ತಪ್ಪು ಮೊಸರಿನದ್ದೇ ಅಂತ ಹೇಗೆ ಹೇಳುವುದು? ಅದಕ್ಕೇ ಪುಸ್ತಕದಲ್ಲಿ ತಿಂದದ್ದರ ಪಕ್ಕ ನಿದ್ದೆ, ಆಫೀಸಿನ ಒತ್ತಡ, ಮುಟ್ಟಿನ ದಿನ ಕೂಡ ಬರೆ ಅನ್ನುವುದು. ಒಂದು ಪದಾರ್ಥದ ಮೇಲೆ ಅನುಮಾನ ಬಂದರೆ ಕೆಲವು ದಿನ ಬಿಟ್ಟು ನೋಡು. ಆಮೇಲೆ ಸ್ವಲ್ಪ ಸ್ವಲ್ಪ ತಿಂದು ನೋಡು. ಒಂದು ಸಲಕ್ಕೆ ಒಂದೇ. ಹಾಲು ಕೆಲವರಿಗೆ ಆಗುವುದಿಲ್ಲ, ನಿಜ. ಹೆಚ್ಚಿನವರಿಗೆ ಹಾಲಿಗಿಂತ ಮೊಸರು ಮಜ್ಜಿಗೆ ಸುಲಭ. ನಿನಗೆ ನಿಜವಾಗಿಯೂ ಆಗದ್ದು ಸಿಕ್ಕಿದರೆ ಬಿಟ್ಟುಬಿಡು, ನಾನು ಒತ್ತಾಯ ಮಾಡುವುದಿಲ್ಲ.

ಕುಚ್ಚಲಕ್ಕಿಯಲ್ಲಿ ತವುಡು ಉಳಿದಿರುತ್ತದೆ, ಬೆಳ್ತಿಗೆಗಿಂತ ನಾರು ಜಾಸ್ತಿ. ಹಾಗಾಗಿ ಒಮ್ಮೆಗೇ ಬೇಡ. ಮೊದಲು ಒಂದು ಮುಷ್ಟಿ ಕುಚ್ಚಲಕ್ಕಿಯನ್ನು ಬೇರೆಯೇ ಬೇಯಿಸು. ಕುಕ್ಕರಿನಲ್ಲಿ ಒಂದೆರಡು ಸೀಟಿ ಜಾಸ್ತಿಯೇ ಆಗಲಿ, ಕಾಳು ಅರಳಿ ಬೆರಳಲ್ಲಿ ಹಿಸುಕಿದರೆ ನುಣ್ಣಗಾಗಬೇಕು. ಅದನ್ನು ಬೆಳ್ತಿಗೆ ಗಂಜಿಗೆ ಬೆರೆಸಿ ಉಣ್ಣು. ಹೊಟ್ಟೆಗೆ ಹಿಡಿಸಿದರೆ ಮುಂದಿನ ವಾರ ಎರಡು ಮುಷ್ಟಿ. ಬಸಳೆಯೂ ಹೀಗೆಯೇ, ಮೊದಲು ಎಲೆ ಮಾತ್ರ, ದಂಟು ಆಮೇಲೆ.

ಮೀನು ಬಿಡಲು ಕಾರಣವೇ ಇಲ್ಲ. ನಿನಗೆ ತೊಂದರೆ ಕೊಟ್ಟದ್ದು ಹೋಟೆಲಿನ ತವಾ ಫ್ರೈಯ ಎಣ್ಣೆಯೋ, ಪುಳಿಮುಂಚಿಯ ಖಾರವೋ ಇರಬೇಕು. ಕದ್ರಿಯ ರೂಮಿನಲ್ಲಿ ಇಂಡಕ್ಷನ್ ಒಲೆ ಉಂಟಲ್ಲ. ಕಾಣೆ ಮೀನು ಸಿಕ್ಕಿದರೆ ಉಪ್ಪು ಅರಿಶಿನ ಹಚ್ಚಿ, ಬಾಳೆಎಲೆಯಲ್ಲಿ ಸುತ್ತಿ ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಡು. ಸಾರು ಬೇಕು ಅನಿಸಿದರೆ ಬೀಜ ತೆಗೆದ ಎರಡೇ ಬ್ಯಾಡಗಿ ಮೆಣಸು, ತೆಳು ತೆಂಗಿನಹಾಲು, ಹುಳಿಗೆ ಒಂದು ಎಸಳು ಪುನರ್ಪುಳಿ ಸಾಕು. ಬೂತಾಯಿಯ ಮುಳ್ಳು ಮೆತ್ತಗೆ ಬೆಂದರೆ ಮೀನಿನ ಜೊತೆಯೇ ತಿನ್ನಬಹುದು, ಎಲುಬಿಗೆ ಅದಕ್ಕಿಂತ ಒಳ್ಳೆಯದು ಏನುಂಟು? ಪ್ಯಾಕೆಟ್ ತಿಂಡಿ, ಬಾಟಲಿ ಪಾನೀಯ ಬೇಕಾದರೆ ಬಿಡು. ಬಿಟ್ಟರೆ ನಷ್ಟ ಏನೂ ಇಲ್ಲ.

ಮಳೆ ಶುರುವಾದ ಮೇಲೆ ನೀರು ಕುದಿಸಿಯೇ ಕುಡಿ. ಭೇದಿ ಶುರುವಾದ ಕೂಡಲೇ ಕಾಯಿಲೆ ಕೆರಳಿತು ಅಂತ ನೀನೇ ತೀರ್ಮಾನ ಮಾಡಬೇಡ. ಸೋಂಕೂ ಇರಬಹುದು, ಮಲ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಭೇದಿ ನಿಲ್ಲಿಸುವ ಮಾತ್ರೆ ಮೆಡಿಕಲ್‌ನಿಂದ ತಂದು ಸುಮ್ನೆ ನುಂಗಬೇಡ. ಕರುಳು ಊದಿರುವಾಗ ಅದು ಅಪಾಯ. ದಿನಕ್ಕೆ 6 ಸಲ ಅಥವಾ ಅದಕ್ಕಿಂತ ಜಾಸ್ತಿ ರಕ್ತ ಹೋಗಿ, ಜೊತೆಗೆ ಜ್ವರವೋ, ನಿಮಿಷಕ್ಕೆ 90ಕ್ಕಿಂತ ಮೇಲೆ ಓಡುವ ನಾಡಿಯೋ ಇದ್ದರೆ, ಬೆಳಗಾಗಲಿ ಅಂತ ಕಾಯಬೇಡ. ಸೀದಾ ಆಸ್ಪತ್ರೆಗೆ ಹೋಗು, ಆಮೇಲೆ ನನಗೆ ಫೋನ್ ಮಾಡು. ನಿನ್ನ ಗೆಳತಿಗೂ ಇದು ಗೊತ್ತಿರಲಿ.

ಆಟಿ ಅಮಾವಾಸ್ಯೆಗೆ ಅಜ್ಜಿ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಎತ್ತಿಡುವುದು ಗೊತ್ತುಂಟಲ್ಲ. ಈ ಸಲ ನಿನಗೆ ಬೇಡ ಅಂತ ಅವರಿಗೆ ನಾನೇ ಹೇಳಿದ್ದೇನೆ. ಡಾಕ್ಟರನ್ನು ಕೇಳದೆ ಖಾಲಿ ಹೊಟ್ಟೆಗೆ ಅಷ್ಟು ಕಹಿ ಕೊಡಲಿಕ್ಕೆ ನನಗೆ ಧೈರ್ಯ ಇಲ್ಲ. ಆಮೇಲಿನ ಮೆಂತೆ ಗಂಜಿ ಉಣ್ಣು, ಅದಕ್ಕೆ ಅಜ್ಜಿಯೂ ಒಪ್ಪಿದ್ದಾರೆ. ಲೇಬಲ್ ಇಲ್ಲದ ಪುಡಿ ಯಾರೇ ಕೊಟ್ಟರೂ ಬೇಡ ಅನ್ನು, ಸ್ವಂತ ಮಾವನೇ ಕೊಟ್ಟರೂ.

ಬಸ್ಸಿನ ಹೆದರಿಕೆಗೆ ನೀನು ಬೆಳಗ್ಗೆಯಿಂದ ಉಪವಾಸ ಇದ್ದು ಬರುತ್ತೀ ಅಂತ ನನಗೆ ಗೊತ್ತು. ಮಂಗಳೂರಿನಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ ಹತ್ತಿದರೆ ಮಧ್ಯೆ ಅವಸರ ಆದರೆ ಏನು ಮಾಡುವುದು ಅನ್ನುವ ಹೆದರಿಕೆ ಸುಳ್ಳಲ್ಲ. ಅದಕ್ಕೆ ಸಮಯ ಹೊಂದಿದಾಗ ರೈಲಿನಲ್ಲಿ ಬಾ. ಶೌಚಾಲಯ ಉಂಟು ಅಂತ ಗೊತ್ತಿದ್ದರೇ ಅರ್ಧ ಅವಸರ ಇಳಿಯುತ್ತದೆ. ಅಪ್ಪ ಇಂದ್ರಾಳಿ ಸ್ಟೇಷನ್ನಿಗೆ ಸ್ಕೂಟರ್ ತರುತ್ತಾರೆ. ಆದರೆ ಇಡ್ಲಿ ತಿಂದೇ ಹೊರಡು.

ದೊಡ್ಡಮ್ಮ ಮದುವೆಯ ಮಾತು ತೆಗೆದು ಕಾಯಿಲೆ ಮುಚ್ಚಿಡಬೇಕು ಅಂದರಂತೆ. ಅದಕ್ಕೆ ನೀನು ಅತ್ತುಬಿಟ್ಟೆಯಂತೆ. ನಮ್ಮ ಮನೆಯಿಂದ ಯಾರೂ ಏನನ್ನೂ ಮುಚ್ಚಿಡುವುದಿಲ್ಲ. ಈ ಕಾಯಿಲೆ ಇರುವ ಎಷ್ಟೋ ಹೆಂಗಸರು ಆರೋಗ್ಯವಾಗಿ ಮಕ್ಕಳನ್ನು ಹೆತ್ತಿದ್ದಾರೆ. ಕಾಯಿಲೆ ಹತೋಟಿಯಲ್ಲಿ ಇರುವಾಗ ಬಸುರಿಯಾಗುವುದು ಒಳ್ಳೆಯದು ಅಂತ ಡಾಕ್ಟರು ಹೇಳುತ್ತಾರೆ. ಒಪ್ಪುವವನು ತಿಳಿದೇ ಒಪ್ಪಲಿ. ಅವಸರ ನಿನಗೂ ಇಲ್ಲ, ನಮಗೂ ಇಲ್ಲ.

ಮುಂದಿನ ಶನಿವಾರ ಬರುವಾಗ ಪುಸ್ತಕ ಮತ್ತು ಕ್ಯಾಲ್‌ಪ್ರೊಟೆಕ್ಟಿನ್ ರಿಪೋರ್ಟ್ ಎರಡೂ ತಾ. ಈ ವಾರ ಮೊಸರೋ ಮೀನೋ ಕುಚ್ಚಲಕ್ಕಿಯೋ, ಯಾವುದಾದರೂ ಒಂದನ್ನು ಶುರು ಮಾಡು. ಯಾವುದು ಅಂತ ನೀನೇ ಆರಿಸು. ನಾಳೆ ರಾತ್ರಿ ಫೋನ್ ಮಾಡಿ ಹೇಳು.

ನಿನ್ನ
ಅಮ್ಮ