ಸೇನಾ ದಾದಿಯರ ಸೇವೆಯೂ ದಾಖಲಾಗಲಿ

ಮಾನ್ಯ ಸಂಪಾದಕರೇ,

ಸೈನಿಕ ಮನೆತನದ ಸೇನಾ ದಾದಿಯೊಬ್ಬರ ಯುದ್ಧಕಾಲದ ಸೇವೆಯ ವರದಿ ಓದಿದೆ; ಇಂಥ ಮನೆತನಗಳ ಚರಿತ್ರೆಯಲ್ಲಿ ಹೆಣ್ಣುಮಕ್ಕಳ ಸೇವೆ ದಾಖಲಾಗುವುದೇ ಅಪರೂಪ. ತಂದೆ, ಅಣ್ಣಂದಿರ ಪದಕಗಳು ಗೋಡೆಯ ಮೇಲಿರುತ್ತವೆ, ಆಕೆಯ ಹೆಸರು ಮೊಮ್ಮಕ್ಕಳಿಗೂ ತಿಳಿದಿರುವುದಿಲ್ಲ. ಇದು ಅನ್ಯಾಯ.

ಸೇನಾ ದಾದಿಯರ ಧೈರ್ಯಕ್ಕೆ ಒಂದು ಉದಾಹರಣೆ ನೋಡಿ. ಎರಡನೇ ಮಹಾಯುದ್ಧದ ವೇಳೆ, 1942ರ ಫೆಬ್ರುವರಿಯಲ್ಲಿ, ಇಂದಿನ ಇಂಡೊನೇಷ್ಯಾದ ಬಂಕಾ ದ್ವೀಪದಲ್ಲಿ ಜಪಾನಿ ಸೈನಿಕರು 22 ಆಸ್ಟ್ರೇಲಿಯನ್ ದಾದಿಯರನ್ನು ಸಮುದ್ರಕ್ಕಿಳಿಸಿ ಗುಂಡು ಹಾರಿಸಿದರು. ಅವರಲ್ಲಿ ಬದುಕುಳಿದವರು ವಿವಿಯನ್ ಬುಲ್‌ವಿಂಕಲ್ ಒಬ್ಬರೇ. ತಮಗೇ ಗುಂಡು ತಗುಲಿದ್ದರೂ ಗಾಯಾಳು ಸೈನಿಕನೊಬ್ಬನನ್ನು ಕಾಡಿನಲ್ಲಿ ಆರೈಕೆ ಮಾಡಿದರು. ಬಳಿಕ ಜಪಾನಿಯರಿಗೆ ಶರಣಾಗುವಾಗ, ಆ ಹತ್ಯಾಕಾಂಡದಿಂದ ಬದುಕುಳಿದವರೆಂದು ಗೊತ್ತಾಗದಂತೆ, ಸಮವಸ್ತ್ರದಲ್ಲಿದ್ದ ಗುಂಡಿನ ತೂತನ್ನು ನೀರಿನ ಬಾಟಲಿಯಿಂದ ಮರೆಮಾಚಿದರು. ರಣರಂಗದ ಯಾವ ಶೌರ್ಯಕ್ಕೆ ಇದು ಕಡಿಮೆ?

ನಿವೃತ್ತ ಸೇನಾ ದಾದಿಯರ ಪತ್ರ, ದಿನಚರಿ, ನೆನಪುಗಳನ್ನು ಅವರಿರುವಾಗಲೇ ಸಂಗ್ರಹಿಸಿಡುವ ಕೆಲಸವನ್ನು ಸೇನಾ ವಸ್ತುಸಂಗ್ರಹಾಲಯಗಳು ಕೈಗೆತ್ತಿಕೊಳ್ಳಬೇಕು.

– ಓರ್ವ ಓದುಗ