ಸುರಂಗ ಬಾವಿ ನೋಡೋರು ಅದನ್ನ ಉಳಿಸ್ಲಿ

ಸಂಪಾದಕರೇ, ಬೀದರಿಗೆ ಟೂರಿಸ್ಟ್ ಬರಬೇಕು ಅಂತ ಎಲ್ಲಾರೂ ಹೇಳತಾರ, ಬಂದೋರಿಂದ ನಮ್ಮ ನೆಲಕ್ಕ ನೀರಿಗೆ ಏನು ಒಳ್ಳೇದಾತು ಅಂತ ಯಾರೂ ಕೇಳಂಗಿಲ್ಲ. ನೌಬಾದದ ಸುರಂಗ ಬಾವಿ, ಅದೇ ಕರೇಜ್ ನೋಡ್ರಿ, 15ನೇ ಶತಮಾನದಾಗ ಬಹಮನಿ ಸುಲ್ತಾನರ ಕಾಲಕ್ಕ ಕೆಂಪು ಕಲ್ಲು ಕೊರೆದು ಮಾಡಿದ್ದು, ಪಂಪ್ ಇಲ್ಲ ಕರೆಂಟ್ ಇಲ್ಲ, ನೆಲದೊಳಗಿನ ನೀರು ಇಳಿಜಾರಿಗೆ ತಾನೇ ಹರಕೊಂಡು ಬರ್ತದ, ಮ್ಯಾಲಿಂದ ಗಾಳಿ ಬೆಳಕಿಗೆ ಅಂತ ಸಾಲಾಗಿ ಬಾವಿಯಂಥ ಕಿಂಡಿ ಬಿಟ್ಟಾರ, ಹೂಳು ಎತ್ತಾಕೂ ಅವೇ ದಾರಿ. ಈಗ ಅದ್ರೊಳಗ ನೀರಿನ ಬಾಟಲಿ, ಚಿಪ್ಸ್ ಪಾಕೀಟು ಒಗದು ಹೋಗತಾರ, ನೋಡಿದ್ರ ಹೊಟ್ಟಿ ಉರಿತದ.

ಕಸ ಹಾಕದಿದ್ರ ಸಾಕು ಅನ್ನೋ ಕಾಲ ಹೋತು ರೀ. ಬರೋರ ಕಡೆಯಿಂದ ಟಿಕೆಟ್ ತಗೊಂಡು ಆ ರೊಕ್ಕಾನ ಹೂಳೆತ್ತೋ ಊರಿನವರ ಕೂಲಿಗೇ ಕೊಡ್ರಿ, ಕಾಲೇಜ್ ಹುಡುಗರು ಟ್ರಿಪ್ ಬಂದ್ರ ತಜ್ಞರು ತೋರಿಸಿದ ಜಾಗದಾಗ ಅರ್ಧ ದಿನ ಇಂಗುಗುಂಡಿ ತೋಡ್ಲಿ, ಊಟ ಹೋಟೆಲ್‌ದಾಗ ಬ್ಯಾಡ, ಅಲ್ಲೇ ಮನಿಯಾಗಿನ ಜೋಳದ ರೊಟ್ಟಿ ಉಣ್ಲಿ. ಆದ್ರ ಸುತ್ತಮುತ್ತ ಹೊಸಾ ಬೋರ್‌ವೆಲ್ ಕೊರೆಸಿದ್ರ ನೆಲದೊಳಗಿನ ನೀರೇ ಕೆಳಗಿಳಿತದ, ಆಮ್ಯಾಲ ಇದೆಲ್ಲಾ ಮಾಡಿ ಏನೂ ಉಪಯೋಗಿಲ್ಲ, ಅದನ್ನ ಜಿಲ್ಲಾಡಳಿತ ಈ ಮಳಿಗಾಲಕ್ಕ ಮುಂಚೇನೇ ತಡೀಬೇಕು.

– ಒಬ್ಬ ಓದುಗ, ಬೀದರ